ಕಲ್ಲಿಗೆ ಮೊದಲ ತುತ್ತು

ಚುನಾವಣೆಗೆ ಇನ್ನೂ ತಿಂಗಳಿರುವಾಗ ಒಬ್ಬ ಹೆಣ್ಣುಮಗಳು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಗಿರಣಿಗೆ ಬಂದಳು. ಜನ ಯಾವ ವಿಷಯ ನೋಡಿ ಓಟು ಹಾಕುತ್ತಾರೆ ಎಂದು ಕೇಳುತ್ತ ತಿರುಗುವುದು ಅವಳ ಕೆಲಸ. ಬೆಲೆ ಏರಿಕೆಯೋ, ನಿರುದ್ಯೋಗವೋ, ಲಂಚವೋ, ಗಡಿಯ ಭದ್ರತೆಯೋ, ದೇಶದ ದೊಡ್ಡ ಸಮಸ್ಯೆ ಯಾವುದು? ಹಿಟ್ಟಿನ ಗಿರಣಿ ಓಡುತ್ತಿದ್ದುದರಿಂದ ಅದನ್ನೇ ನಾಲ್ಕು ಸಲ ಕೂಗಬೇಕಾಯಿತು. ಗಿರಣಿಯಕ್ಕ ಹಿಟ್ಟು ಬೀಳುವ ಬಟ್ಟೆಯ ತೋಳನ್ನು ತಟ್ಟುತ್ತ ಕೂಗಿಯೇ ಉತ್ತರ ಕೊಟ್ಟಳು.

"ಸಾಲು."

"ಏನಂದ್ರಿ?"

"ಸಾಲಮ್ಮ, ಸಾಲು. ನಮ್ಮ ಜನಕ್ಕೆ ಒಬ್ರ ಹಿಂದೆ ಒಬ್ರು ನಿಲ್ಲೋಕೆ ಬರಲ್ಲ. ಅದೊಂದು ಕಲಿಸಿ, ಮಿಕ್ಕಿದ್ದು ತಾನಾಗೇ ದಾರಿಗೆ ಬರುತ್ತೆ."

ಆಕೆ ತಂದಿದ್ದ ಸಮಸ್ಯೆಗಳಲ್ಲಿ ಸಾಲು ಇರಲಿಲ್ಲ. 'ಇತರೆ' ಎಂದು ಬರೆದುಕೊಂಡು, ಸೀರೆಯ ಮೇಲಿನ ಹಿಟ್ಟು ಕೊಡವಿಕೊಂಡು ಹೋದಳು. ಜೀವಮಾನವೆಲ್ಲ ಬೀದಿಯಲ್ಲಿ ಕೂತು ಧಿಕ್ಕಾರ ಕೂಗಿದ ನಮ್ಮಂಥವರೂ ಸರ್ಕಾರದ ಲೆಕ್ಕದಲ್ಲಿ 'ಇತರೆ'ಯೇ ಆದ್ದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ.

ಗಿರಣಿ ಇರುವುದು ಎರಡು ಬೀದಿ ಕೂಡುವ ಮೂಲೆಯಲ್ಲಿ. ಒಂದು ಮೇಲಿನ ಬೀದಿ, ಇನ್ನೊಂದು ಕೆಳಗಿನ ಬೀದಿ. ಹೆಸರು ಇಳಿಜಾರಿನಿಂದ ಬಂದದ್ದು ಎಂದು ಮೇಲಿನವರು ಹೇಳುತ್ತಾರೆ. ಕೆಳಗಿನವರು ಏನೂ ಹೇಳುವುದಿಲ್ಲ, ನಗುತ್ತಾರೆ. ಮೇಲಿನವರು ಪಾತ್ರೆ ತೊಳೆದರೆ ಆ ನೀರು ಕೆಳಗಿನವರ ಬಾಗಿಲಿಗೆ ಬರುತ್ತದೆ. ಎರಡು ಬೀದಿಗಳ ನಡುವಿನ ವ್ಯವಹಾರ ಬಹಳ ಕಾಲದಿಂದ ಇಷ್ಟೇ.

ಅಕ್ಕ ಹುಟ್ಟಿದ್ದು ಮೇಲೆ, ಸೇರಿದ್ದು ಕೆಳಗೆ. ಹರೆಯದಲ್ಲಿ ಕೆಳಗಿನ ಬೀದಿಯ ಬಸ್ ಡ್ರೈವರನನ್ನು ಮೆಚ್ಚಿ, ಅಪ್ಪನ ಮನೆಯ ಹೊಸಿಲು ದಾಟಿ ಬಂದವಳು. ರಿಜಿಸ್ಟರ್ ಕಚೇರಿಯಲ್ಲಿ ಸಾಕ್ಷಿ ಹಾಕಿದವರಲ್ಲಿ ನಾನೂ ಒಬ್ಬ. ಆಗ ನಾವು ಅದನ್ನು ಕ್ರಾಂತಿ ಎಂದುಕೊಂಡೆವು. ಅಕ್ಕ ಅದನ್ನು ಮದುವೆ ಎಂದುಕೊಂಡಳು. ಹಾಗಾಗಿ ಅವಳದ್ದು ಉಳಿಯಿತು. ಅವಳ ತಮ್ಮ ಮಾತ್ರ ವರ್ಷಗಟ್ಟಲೆ ಇತ್ತ ತಲೆ ಹಾಕಲಿಲ್ಲ. ಕೊನೆಗೆ ಅವನ ಹೆಂಡತಿ ಬಸುರಿಯಾಗಿ, ಅಂಗಡಿಯ ಹಿಟ್ಟು ಮೂಸಿದರೆ ವಾಂತಿ ಬರುತ್ತೆ, ಗಿರಣಿಯ ಬಿಸಿ ಹಿಟ್ಟೇ ಬೇಕು ಎಂದು ಹಟ ಹಿಡಿದಾಗ, ಡಬ್ಬ ಹೊತ್ತುಕೊಂಡು ಅಕ್ಕನ ಮುಂದೆ ಬಂದು ನಿಂತ. ಅಕ್ಕ ಬೈಯಲಿಲ್ಲ, ಅಳಲೂ ಇಲ್ಲ. "ನುಣ್ಣಗೋ, ತರಿಯೋ?" ಎಂದು ಕೇಳಿದಳು. ಅಲ್ಲಿಗೆ ರಾಜಿ ಮುಗಿಯಿತು.

ತಮ್ಮನದು ಕನ್ನಡಕದ ಅಂಗಡಿ. ಊರಿನವರ ದೃಷ್ಟಿ ಪರೀಕ್ಷೆ ಮಾಡಿ ಮಾಡಿ ದೇಶದ ದೃಷ್ಟಿಯೂ ತನಗೇ ಗೊತ್ತು ಎಂಬ ನಂಬಿಕೆ ಅವನಿಗೆ ಬಂದಿತ್ತು. ಹಾಗೆ ಪಕ್ಷವೊಂದಕ್ಕೆ ಸೇರಿ ಮೇಲಿನ ಬೀದಿಯ ಮುಖಂಡನಾಗಿದ್ದ.

ಈ ಗಿರಣಿಯಲ್ಲಿ ಯಾರೂ ಮೆಲ್ಲಗೆ ಮಾತಾಡಿದ್ದಿಲ್ಲ. ಮೋಟಾರಿನ ಗದ್ದಲಕ್ಕೆ ಕೂಗಲೇಬೇಕು. ಬೆಲ್ಟು ಒಮ್ಮೊಮ್ಮೆ ಜಾರಿ ಬಿದ್ದು ಎಲ್ಲ ಸ್ತಬ್ಧವಾದಾಗ, ಯಾರೋ ಅತ್ತೆಯ ಬಗ್ಗೆ ಕೂಗುತ್ತಿದ್ದ ಅರ್ಧ ವಾಕ್ಯ ಬತ್ತಲೆ ನಿಂತುಬಿಡುತ್ತದೆ. ಅಕ್ಕನ ರಾಜಕೀಯ ಅಭಿಪ್ರಾಯಗಳೂ ನಮಗೆ ತಿಳಿದದ್ದು ಹೀಗೆ ಕೂಗಿ ಕೂಗಿಯೇ. ಸರ್ಕಾರ ಪುಕ್ಕಟೆ ಕೊಡುವುದೆಲ್ಲ ಜನರನ್ನು ಸೋಮಾರಿ ಮಾಡುತ್ತದೆ, ಆದರೆ ಗಿರಣಿಗೆ ಕರೆಂಟು ಪುಕ್ಕಟೆ ಕೊಡಬೇಕು. ಲಂಚ ತಿನ್ನುವವರನ್ನು ಒಳಗೆ ಹಾಕಬೇಕು, ಆದರೆ ಲೈನ್‌ಮನ್ ಪಾಪ ಒಳ್ಳೆಯವನು, ಅವನಿಗೆ ಕೊಡುವ ಹಿಟ್ಟು ಲಂಚವಲ್ಲ, ಪ್ರೀತಿ. ಬೆಲೆ ಇಳಿಯಬೇಕು, ಬೀಸುವ ಕೂಲಿ ಏರಬೇಕು. ಹೆಣ್ಣುಮಕ್ಕಳ ಶಾಲೆಗೆ ಕಕ್ಕಸು ಕಟ್ಟಿಸದವನು ಚಂದ್ರನ ಮೇಲೆ ಮನೆ ಕಟ್ಟಿಸಿದರೂ ಓಟಿಲ್ಲ. ಈ ಕೊನೆಯದರಲ್ಲಿ ಮಾತ್ರ ಅವಳು ಎಂದೂ 'ಆದರೆ' ಹಾಕಿದ್ದು ನಾನು ಕೇಳಿಲ್ಲ.

ಅವಳ ಯಜಮಾನರು ನಿವೃತ್ತಿಯಾದ ಮೇಲೆ ದೇಶವನ್ನು ಟೀವಿಯಲ್ಲಿ ಓಡಿಸುತ್ತಿದ್ದರು. ಸುದ್ದಿ ನೋಡುವಾಗ ಅವರ ಬಲಗಾಲು ಈಗಲೂ ಬ್ರೇಕ್ ಹುಡುಕುತ್ತದೆ. ಗಡಿಯಲ್ಲಿ ಏನಾದರೂ ಆಯಿತೆಂದರೆ ಗಂಡ ನಿದ್ದೆಗೆಡುತ್ತಿದ್ದರು. "ಗಡಿ ಅಲ್ಲಿರ್ಲಿ ರೀ, ಹಿತ್ತಿಲ ಬಾಗಿಲ ಚಿಲಕ ಮುರಿದು ವರ್ಷ ಆಯ್ತು" ಎಂದು ಹೆಂಡತಿ ನಿದ್ದೆ ಹೋಗುತ್ತಿದ್ದಳು.

ಇನ್ನು ಕಲ್ಲಿನ ವಿಷಯ. ಅದನ್ನು ಹೇಳದಿದ್ದರೆ ಮುಂದಿನ ಕಥೆ ನಡೆಯುವುದಿಲ್ಲ.

ಪ್ರತಿ ಸಂಜೆ ಅಕ್ಕ ಕಲ್ಲುಗಳನ್ನು ಬಿಚ್ಚಿ, ಬ್ರಷ್ಷಿನಿಂದ ಉಜ್ಜಿ, ಸಂದಿನ ಹಿಟ್ಟನ್ನೆಲ್ಲ ಗುಡಿಸಿ ತೆಗೆಯುತ್ತಾಳೆ. ಆ ಗುಡಿಸಿದ ಹಿಟ್ಟು ಪೋಸ್ಟರ್ ಅಂಟಿಸುವ ಅಂಟಿಗೆ. ನಮ್ಮ ಹೋರಾಟಗಳೆಲ್ಲ ಗೋಡೆ ಹತ್ತಿದ್ದು ಆ ಅಂಟಿನಿಂದಲೇ. ನಮ್ಮ ವಿರೋಧಿಗಳಿಗೂ ಅವಳು ಅದೇ ಡಬ್ಬದಿಂದ ಕೊಡುತ್ತಿದ್ದಳು ಎಂಬುದು ನಮಗೆ ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಖಾಲಿ ಕಲ್ಲಿಗೆ ಮೊದಲು ಯಾರ ಕಾಳು ಬೀಳುತ್ತದೋ ಅವರ ಎರಡು ಬೊಗಸೆ ಹಿಟ್ಟು ಸಂದಿಯಲ್ಲಿ ನಿಂತುಬಿಡುತ್ತದೆ. ಇದಕ್ಕೆ ಗಿರಣಿಯಲ್ಲಿ 'ಕಲ್ಲಿನ ತುತ್ತು' ಎನ್ನುತ್ತಾರೆ. ಎರಡನೆಯವರ ಕಾಳು ಬಿದ್ದಾಗ ಮೊದಲಿನವರ ಹಿಟ್ಟು ಹೊರಬರುತ್ತದೆ, ಎರಡನೆಯವರದ್ದು ಒಳಗೆ ನಿಲ್ಲುತ್ತದೆ. ಹೀಗೆ ಸಂಜೆಯವರೆಗೆ ಪ್ರತಿಯೊಬ್ಬರೂ ಹಿಂದಿನವರದ್ದು ಸ್ವಲ್ಪ ಒಯ್ಯುತ್ತಾರೆ, ತಮ್ಮದು ಸ್ವಲ್ಪ ಬಿಡುತ್ತಾರೆ. ಲೆಕ್ಕ ಸರಿಹೋಗುತ್ತದೆ. ಕಳೆದುಕೊಳ್ಳುವುದು ಮೊದಲಿನವರು ಮಾತ್ರ.

ಆ ಮೊದಲಿನವಳು ಸಾಮಾನ್ಯವಾಗಿ ಕೆಳಗಿನ ಬೀದಿಯ ಆಸ್ಪತ್ರೆ ಆಯಾ. ಬೆಳಗಿನ ಪಾಳಿಗೆ ಓಡುವ ಮೊದಲು ಡಬ್ಬ ತಂದು ಸುರಿಯುತ್ತಿದ್ದಳು. ಅವಳು ಬರದಿದ್ದರೆ ಅದೇ ಬೀದಿಯ ಇನ್ನೊಬ್ಬರು. ಕೆಳಗಿನವರಿಗೆ ಬೆಳಗಾಗುವುದೇ ಬೇಗ. ಮೇಲಿನವರು ತಿಂಡಿ ತಿಂದು, ಪೇಪರು ಓದಿ, ದೇಶದ ಬಗ್ಗೆ ಚಿಂತಿಸಿ ಬರುವ ಹೊತ್ತಿಗೆ ಕಲ್ಲಿನ ಹೊಟ್ಟೆ ತುಂಬಿರುತ್ತಿತ್ತು. ಇದನ್ನು ಯಾರೂ ಗಮನಿಸಿರಲಿಲ್ಲ. ಅಕ್ಕನೂ ಗಮನಿಸಿರಲಿಲ್ಲ, ನಾನೂ ಇಲ್ಲ.

ಚುನಾವಣೆ ಹತ್ತಿರ ಬಂದಂತೆ ಎರಡು ಬೀದಿಗಳಲ್ಲೂ ಬೇರೆ ಬೇರೆ ಬಾವುಟ ಏರಿದವು. ಒಂದು ದಿನ ತಮ್ಮ ಬಂದ. ಡಬ್ಬ ತಂದಿರಲಿಲ್ಲ. ಕೂಗಿ ಹೇಳುವ ಮಾತಲ್ಲವೆಂದು ಮೋಟಾರು ನಿಲ್ಲಿಸುವಂತೆ ಕೈ ಮಾಡಿದ.

"ಅಕ್ಕಾ, ನಮ್ಮ ಬೀದಿಯವರು ಒಂದು ಮಾತು ಹೇಳ್ತಿದಾರೆ. ನಾನಲ್ಲ ಹೇಳ್ತಿರೋದು."

"ನೀನಲ್ದೆ ಇದ್ರೆ ನೀನ್ಯಾಕೋ ಬಂದೆ?"

"ಕೇಳು ಸ್ವಲ್ಪ. ಅವರ ಕಾಳು, ನಮ್ಮ ಕಾಳು ಒಂದೇ ಕಲ್ಲಲ್ಲಿ ಬೇಡ ಅಂತ. ವಾರದಲ್ಲಿ ಮೂರು ದಿನ ನಮಗೆ, ಮೂರು ದಿನ ಅವರಿಗೆ. ಚೊಕ್ಕಟವಾಗಿರುತ್ತೆ."

"ಇಷ್ಟು ವರ್ಷ ಕೊಳಕು ತಿಂದ್ರಾ?"

"ನಾನು ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಒಪ್ಪದೇ ಇದ್ರೆ ಎಲ್ರೂ ಪ್ಯಾಕೆಟ್ ಹಿಟ್ಟು ತರ್ತಾರಂತೆ. ಆಮೇಲೆ ಏನ್ ಬೀಸ್ತೀಯ, ಗಾಳಿನಾ?"

ಇದು ಬರಿಯ ಬೆದರಿಕೆಯಾಗಿರಲಿಲ್ಲ. ಗಿರಣಿಗೆ ಬೀಳುವ ಕಾಳಿನಲ್ಲಿ ಹೆಚ್ಚಿನದು ಮೇಲಿನ ಬೀದಿಯದು. ಅದು ನಿಂತರೆ ಗಿರಣಿಯೂ ನಿಲ್ಲುತ್ತದೆ, ಗಿರಣಿ ನಿಂತರೆ ಆ ಮನೆ ಡ್ರೈವರರ ಸಣ್ಣ ಪಿಂಚಣಿಯ ಮೇಲೆ ಕುಂಟಬೇಕು. ಅಕ್ಕ ಬೆಲ್ಟನ್ನು ಒಮ್ಮೆ ಕೈಯಲ್ಲಿ ಎಳೆದು ನೋಡಿದಳು. ಅದು ಸರಿಯಾಗಿಯೇ ಇತ್ತು.

"ಆಯ್ತು, ಹಂಗೇ ಮಾಡೋಣ" ಎಂದಳು.

ನನಗೆ ಮೈ ಉರಿದುಹೋಯಿತು. ಸಂಜೆ ಹೋಗಿ ಸಮಾನತೆಯ ಬಗ್ಗೆ ಮಾತಾಡತೊಡಗಿದೆ. ಅವಳು ಬ್ರಷ್ಷು ಕೆಳಗಿಡದೆ ಕೇಳಿಸಿಕೊಂಡಳು.

"ಜಿಂದಾಬಾದಣ್ಣ, ನಿಮ್ಮ ಮನೆಗೆ ಯಾವ ಹಿಟ್ಟು ತರ್ತೀರಿ?"

ನಮ್ಮ ಮನೆಗೆ ಬಹಳ ದಿನದಿಂದ ಪ್ಯಾಕೆಟ್ ಹಿಟ್ಟೇ ಬರುತ್ತಿತ್ತು. ಸಮಾನತೆಯನ್ನು ಅಲ್ಲಿಗೆ ನಿಲ್ಲಿಸಿ ಚಹಾ ಕುಡಿದೆ.

ಆಯಾಳಿಗೆ ಹೇಳುವುದು ಅಕ್ಕನಿಗೆ ಕಷ್ಟವಾಯಿತು. ಮೋಟಾರು ಓಡುವಾಗಲೇ ಹೇಳಿದಳು, ಅರ್ಧ ಗದ್ದಲದಲ್ಲಿ ಮುಳುಗಲಿ ಎಂದು. ಆಯಾ ಪೂರಾ ಅರ್ಥ ಮಾಡಿಕೊಂಡಳು.

"ಸರಿ ಬಿಡಕ್ಕ. ನಮ್ಮ ಹಿಟ್ಟು ಕಂಡ್ರೆ ಅವರಿಗೆ ಭಯ, ನಮ್ಮ ಓಟು ಕಂಡ್ರೆ ಪ್ರೀತಿ. ನಿನ್ನೆ ನಿಮ್ಮ ತಮ್ಮ ಬಂದು ನಮ್ಮತ್ತೆ ಕಾಲಿಗೆ ಬಿದ್ದು ಹೋದ. ಅವಳಿಗೆ ಕಣ್ಣು ಕಾಣಲ್ಲ, ಯಾರೋ ಚಪ್ಪಲಿ ಕದಿಯೋಕೆ ಬಂದ ಅಂತ ಒದ್ದುಬಿಟ್ಲು."

ಇಬ್ಬರೂ ನಕ್ಕರು. ಆದರೂ ಡಬ್ಬ ಎತ್ತಿಕೊಳ್ಳುವಾಗ ಎಂದಿನಂತೆ "ಬರ್ತೀನಕ್ಕ" ಎನ್ನದೆ ಆಯಾ ಹೋಗಿಬಿಟ್ಟಳು. ಅಕ್ಕ ಅಂದು ಎರಡು ಡಬ್ಬದ ಮುಚ್ಚಳ ಅದಲುಬದಲು ಮಾಡಿದಳು.

ಮೊದಲು ಬಂದದ್ದು ಮೇಲಿನವರ ದಿನ. ಗಿರಣಿಯ ಮುಂದೆ ಬಾಯಿ ತೆರೆದ ಡಬ್ಬಗಳು, ಅವುಗಳ ಹಿಂದೆ ಅವುಗಳ ಒಡತಿಯರು. ಟೀಚರಮ್ಮ ಇದ್ದರು, ಬಟ್ಟೆ ಅಂಗಡಿಯ ಸೊಸೆ ಇದ್ದಳು, ಇನ್ನೂ ಏಳೆಂಟು ಜನ. ಕಡೆಯಲ್ಲಿ ತಮ್ಮನ ಹೆಂಡತಿ. ಅಕ್ಕ ಮೋಟಾರಿನ ಗುಂಡಿಗೆ ಕೈ ಇಟ್ಟು "ಯಾರದು ಮೊದ್ಲು?" ಎಂದಳು.

ಯಾರೂ ಅಲುಗಲಿಲ್ಲ.

"ಟೀಚರಮ್ಮ ಹಾಕ್ಲಿ, ಹಿರಿಯರು" ಎಂದಳು ಬಟ್ಟೆ ಅಂಗಡಿ ಸೊಸೆ.

"ಹಿರಿಯರು ಅನ್ನೋದು ಇವತ್ತೇ ನೆನಪಾಯ್ತೇನಮ್ಮ? ಮೊನ್ನೆ ನನ್ನನ್ನ ಹಿಂದಕ್ಕೆ ತಳ್ಳಿ ನುಗ್ಗಿದ್ದೆ."

"ಮೊದ್ಲು ಹಾಕಿದ್ರೆ ಎರಡು ಬೊಗಸೆ ಹೋಗುತ್ತೆ ಕಣ್ರೀ, ಕಲ್ಲಿನ ತುತ್ತು."

"ಯಾವಾಗಿಂದ ಹೋಗುತ್ತೆ? ನನಗೆ ಯಾವತ್ತೂ ಹೋಗಿಲ್ಲ."

ಹೋಗಿಲ್ಲ ಏಕೆ ಎಂಬುದು ಒಬ್ಬೊಬ್ಬರಿಗೇ ಹೊಳೆಯುತ್ತ ಬಂತು. ಹೊಳೆದದ್ದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕ ಗುಂಡಿಯ ಮೇಲಿಟ್ಟ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಅವಳಿಗೂ ಆಗಲೇ ಹೊಳೆದದ್ದು.

ಮೊದಲು ಹಾಕಲು ಯಾರಿಗೂ ಇಷ್ಟವಿಲ್ಲ. ಎರಡನೆಯವಳಾಗಲು ನೂಕುನುಗ್ಗಲು. ಅದರಲ್ಲೂ ಹೊಸ ತಕರಾರು ಹುಟ್ಟಿತು. ಟೀಚರಮ್ಮನ ಕಾಳಿನಲ್ಲಿ ಹುಳ, ಅವರ ಹಿಂದೆ ಬೇಡ. ಬಟ್ಟೆ ಅಂಗಡಿಯವರು ಕಡಲೆ ಬೀಸುತ್ತಾರೆ, ನಮ್ಮ ಮಗುವಿಗೆ ಕಡಲೆ ಆಗದು, ಅವರ ಹಿಂದೆಯೂ ಬೇಡ. ನಿಮ್ಮ ಮನೆಯವರು ಆ ಇನ್ನೊಂದು ಪಕ್ಷಕ್ಕೆ ಓಟು ಹಾಕುತ್ತಾರಂತೆ, ಹೌದಾ? ಕೆಳಗಿನವರನ್ನು ಬೇರೆ ಮಾಡಿದ ಕತ್ತಿ ಇನ್ನೂ ಹರಿತವಾಗಿಯೇ ಇತ್ತು. ಸುಮ್ಮನೆ ಒರೆಗೆ ಹಾಕುವುದು ಹೇಗೆ? ಒಬ್ಬೊಬ್ಬರಿಗೂ ಒಂದೊಂದು ಗಿರಣಿ ಬೇಕೆನ್ನುವವರೆಗೆ ಮಾತು ಹೋಯಿತು.

ತಮ್ಮನನ್ನು ಅಂಗಡಿಯಿಂದ ಕರೆಸಿದರು. ಅವನು ಮುಖಂಡನಂತೆ ಬಂದು, ಮುಖಂಡನಂತೆ ದಾರಿ ಹುಡುಕಿದ.

"ಅಕ್ಕಾ, ನಿಮ್ಮನೆ ಕಾಳನ್ನೇ ಒಂದಿಷ್ಟು ಮೊದ್ಲು ಹಾಕಿಬಿಡು. ಕಲ್ಲು ತುಂಬಿದ ಮೇಲೆ ಇವರು ಹಾಕ್ತಾರೆ."

ಅಕ್ಕ ಒಳಗಿಂದ ಮೊರದಲ್ಲಿ ಕಾಳು ತಂದಳು. ಮೋಟಾರು ಹಚ್ಚುವಷ್ಟರಲ್ಲಿ ಟೀಚರಮ್ಮ ಗಂಟಲು ಸರಿಮಾಡಿಕೊಂಡರು.

"ಅಲ್ಲ, ಬೇಜಾರು ಮಾಡ್ಕೋಬೇಡಿ. ಅಕ್ಕನ ಮನೆ ಕಾಳು ಅಂದ್ರೆ... ಅದು ಯಾವ ಬೀದಿದು?"

ಇದನ್ನು ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಪ್ರಾಮಾಣಿಕವಾದ ಸಂದೇಹ. ಉಳಿದವರೂ ಅಷ್ಟೇ ಪ್ರಾಮಾಣಿಕವಾಗಿ ಚರ್ಚೆಗೆ ಇಳಿದರು. ಹುಟ್ಟಿದ್ದು ಮೇಲಲ್ಲವೇ? ಹೌದು, ಆದರೆ ಕಾಳು ತಂದದ್ದು ಗಂಡನ ಪಿಂಚಣಿಯಲ್ಲಿ. ಗಿರಣಿ ದುಡಿಮೆಯಲ್ಲೂ ಇರಬಹುದು. ಆದರೆ ಉಣ್ಣುವವರು ಯಾರು? ಅಕ್ಕ ಮೊರ ಹಿಡಿದು ನಿಂತೇ ಇದ್ದಳು, ಯಾರದೋ ವಿಷಯ ಮಾತಾಡುತ್ತಿದ್ದಾರೆ ಎಂಬಂತೆ. ಅವಳ ಯಜಮಾನರು ಒಳಗೆ ಟೀವಿಯ ಸದ್ದು ಸಣ್ಣದು ಮಾಡಿದರು.

"ಅದು ನಮ್ಮಕ್ಕನ ಕಾಳು ಕಣ್ರಿ" ಎಂದ ತಮ್ಮ.

"ಅಕ್ಕ ನಿಮ್ಮವರೇ, ಇಲ್ಲ ಅಂದವರ್ಯಾರು? ನಾವು ಭಾವನ ವಿಷಯ ಕೇಳ್ತಿರೋದು" ಎಂದಳು ಬಟ್ಟೆ ಅಂಗಡಿ ಸೊಸೆ. "ನಿಯಮ ಮಾಡಿದ್ದು ನೀವೇ ಅಲ್ವಾ?"

ತಮ್ಮ ಅಕ್ಕನ ಮುಖ ನೋಡಿದ. ಅವಳು ಅವನಿಗೆ ಯಾವ ಸಹಾಯವನ್ನೂ ಮಾಡಲಿಲ್ಲ. "ನೀನೇ ಹೇಳಪ್ಪ, ಮೊರ ಹಿಡಿದು ಕೈ ಸೋಲ್ತಿದೆ. ಸುರೀಲೋ, ಒಳಗಿಡ್ಲೋ?" ಎಂದಳು.

ಅವನು ಹೆಂಡತಿಯ ಕೈಯಿಂದ ಡಬ್ಬ ಕಿತ್ತುಕೊಂಡು ಸೀದಾ ಕಲ್ಲಿನ ಬಾಯಿಗೆ ಸುರಿದ. ಮೋಟಾರು ಗುಡುಗಿತು. ಅದರ ಗದ್ದಲದಲ್ಲಿ ಹೆಂಡತಿ ಏನೇನು ಅಂದಳೋ ಯಾರಿಗೂ ಕೇಳಲಿಲ್ಲ, ಆದರೆ ಕೈಯಾಡಿಸುವುದನ್ನು ಎಲ್ಲರೂ ನೋಡಿದರು.

ಮುಂದಿನ ಮೇಲಿನವರ ದಿನವೂ ತಮ್ಮನ ಕಾಳೇ ಮೊದಲು ಬಿತ್ತು. ಮೂರನೆಯ ಸಲ ಹೆಂಡತಿ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಪಾರ್ಟಿ ನಿಮ್ದು, ಕಾಳು ನಂದು. ಕಲ್ಲಿಗೆ ಬೇಕಾದ್ರೆ ಭಾಷಣ ಸುರೀರಿ." ಅಂದು ಮೇಲಿನ ಬೀದಿಯವರು ಗಿರಣಿಯ ಮುಂದೆ ಬಿಸಿಲೇರುವ ತನಕ ನಿಂತು ಕಾಳನ್ನು ಹಾಗೇ ವಾಪಸ್ ಒಯ್ದರು. ಕೆಳಗಿನವರ ದಿನಗಳು ಮಾತ್ರ ಎಂದಿನಂತೆ ನಡೆದವು. ಆದರೆ ಆ ಬೀದಿಯೊಂದರಿಂದ ಗಿರಣಿ ಬದುಕುವುದಿಲ್ಲ. ಅಕ್ಕ ಅರ್ಧ ದಿನ ಸುಮ್ಮನೆ ಕೂತಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಗದ್ದಲವಿಲ್ಲದ ಆ ಕೋಣೆಯಲ್ಲಿ ಅವಳ ದನಿ ಮಾತ್ರ ಹಾಗೇ ದೊಡ್ಡದಿತ್ತು.

"ಪ್ಯಾಕೆಟ್ಟಿಗೆ ಹೋಗ್ತಾರೆ ಬಿಡಣ್ಣ ಇನ್ನು. ಒಪ್ಪದೇ ಇದ್ರೂ ಹೋಗ್ತಿದ್ರು, ಒಪ್ಪಿದ್ರೂ ಹೋಗ್ತಾರೆ. ಒಪ್ಪದೇ ಇದ್ದಿದ್ರೆ ಮರ್ಯಾದೆ ಆದ್ರೂ ಉಳೀತಿತ್ತು."

ತಮ್ಮನೂ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ. ಒಳಗೆ ಬರಲಿಲ್ಲ.

ಮಾರನೆಯ ಸಂಜೆ ನಾನು ಕೆಳಗಿನ ಬೀದಿಯ ನಲ್ಲಿ ಕಟ್ಟೆಯ ಮೇಲೆ ಕೂತಿದ್ದಾಗ ಅವನು ಒಬ್ಬನೇ ಇಳಿದು ಬಂದ. ಕೊರಳಲ್ಲಿ ಪಕ್ಷದ ಶಾಲು ಇರಲಿಲ್ಲ. ಆಯಾ ಬಾಗಿಲಲ್ಲಿ ಬಕೆಟ್ ಇಟ್ಟುಕೊಂಡು ಆಸ್ಪತ್ರೆಯ ಸಮವಸ್ತ್ರ ಒಗೆಯುತ್ತಿದ್ದಳು.

"ಓಟು ಕೇಳೋಕಾ? ಮೊನ್ನೆ ಬಂದು ಕೇಳಿಯಾಗಿದೆ. ಅತ್ತೆ ಒಳಗಿದಾಳೆ, ಕಾಲು ಬೇಕಾದ್ರೆ ಕರೀತೀನಿ."

"ಓಟಲ್ಲ ತಾಯಿ. ಕಾಳು."

"ಏನು?"

"ನೀವು ಮುಂಚಿನ ಹಂಗೆ ದಿನಾ ಬೆಳಿಗ್ಗೆ ಬಂದು ಮೊದ್ಲು ಹಾಕ್ಬೇಕು. ನಮ್ಮ ದಿನಾನೂ."

ಆಯಾ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. "ಚೊಕ್ಕಟ ಕೆಡಲ್ವಾ?"

ತಮ್ಮ ಕನ್ನಡಕ ತೆಗೆದು ಒರೆಸತೊಡಗಿದ. ಊರಿನವರಿಗೆಲ್ಲ ಕನ್ನಡಕ ಮಾರುವವನು ತನ್ನದನ್ನು ಅಷ್ಟು ಹೊತ್ತು ಒರೆಸಿದ್ದು ನಾನು ನೋಡಿರಲಿಲ್ಲ.

"ಗಿರಣಿ ನಿಂತುಹೋಗುತ್ತೆ. ಅಕ್ಕ ನಿನ್ನೆ ಸುಮ್ನೆ ಕೂತಿದ್ಲು."

"ಹಂಗೆ ಹೇಳು ಮತ್ತೆ. ಅಕ್ಕನ ಸಲುವಾಗಿ ಅಂತ." ಆಯಾ ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದಳು. ನೀರಿನ ಹನಿ ಅವನ ಮುಖಕ್ಕೆ ಸಿಡಿಯಿತು. "ಬರ್ತೀನಿ. ಆದ್ರೆ ನಿಮ್ಮ ದಿನ ನಮ್ಮ ದಿನ ಇರಕೂಡ್ದು. ನನ್ನ ಪಾಳಿಗೆ ನಿನ್ನ ವಾರ ಹೊಂದಲ್ಲ. ಯಾವತ್ತು ಬೇಕಾದ್ರೂ ಯಾವ ಬೀದಿಯವರು ಬೇಕಾದ್ರೂ ಬಂದು ಸುರೀಬೇಕು. ಇನ್ನೊಂದು. ನಾನೇ ಯಾಕೆ ದಿನಾ ಕಲ್ಲಿಗೆ ತುತ್ತು ಕೊಡ್ಬೇಕು? ನನಗೇನು ಅದು ಹೆತ್ತ ಮಗನಾ? ಒಂದು ದಿನ ನಾನು, ಒಂದು ದಿನ ನೀನು."

"ನಾನಾ? ಆ ಹೊತ್ತಿಗೆ ನಾನು ಎದ್ದೇ ಇರಲ್ಲ."

"ದೇಶ ಎಬ್ಬಿಸ್ತೀನಿ ಅಂತ ಮೈಕಲ್ಲಿ ಕೂಗ್ತಿದ್ದೆ. ಮೊದ್ಲು ನೀನು ಏಳು."

ಮೇಲಿನ ಬೀದಿಯಲ್ಲಿ ಇದನ್ನು ಅವನು ಹೇಗೆ ಒಪ್ಪಿಸಿದ ಎಂಬುದನ್ನೂ ಹೇಳಬೇಕು, ಏಕೆಂದರೆ ಅದು ಅವನ ಜೀವನದ ಅತ್ಯುತ್ತಮ ಭಾಷಣ. "ಕೆಳಗಿನವರೇ ಮುಂಚಿನ ಹಂಗೆ ಮೊದ್ಲು ಹಾಕ್ತಾರೆ" ಎಂದ, ಅಷ್ಟೇ. ಎಲ್ಲರಿಗೂ ಸಮಾಧಾನವಾಯಿತು. ಒಂದು ದಿನ ಬಿಟ್ಟು ಒಂದು ದಿನ ತಾನೇ ಹಾಕುವ ವಿಷಯ ಅವನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಯಾರ ಹೃದಯವೂ ಬದಲಾಗಲಿಲ್ಲ. ಎರಡು ಬೊಗಸೆ ಹಿಟ್ಟು ಉಳಿಯಿತು, ಅದಕ್ಕೆ ಸಾಲು ಒಂದಾಯಿತು. ನಮ್ಮ ಧರಣಿಗಳಿಂದ ಆದದ್ದೂ ಇದಕ್ಕಿಂತ ಹೆಚ್ಚೇನಲ್ಲ.

ಓಟಿನ ದಿನ ಗಿರಣಿಗೆ ರಜೆ. ಮತಗಟ್ಟೆ ಶಾಲೆಯ ಮುಂದೆ ಎರಡು ಬೀದಿಗೂ ಒಂದೇ ಸಾಲು. ಟೀಚರಮ್ಮನ ಹಿಂದೆ ಆಯಾ, ಆಯಾಳ ಹಿಂದೆ ಡ್ರೈವರ್ ಯಜಮಾನರು, ಅವರ ಹಿಂದೆ ಅಕ್ಕ. ಅವಳು ಅಲ್ಲಿಯೂ ಗಿರಣಿಯ ದನಿಯಲ್ಲೇ ಮಾತಾಡಿ ಪೊಲೀಸಿನವನಿಂದ ಎರಡು ಸಲ ಬೈಸಿಕೊಂಡಳು. ಓಟು ಹಾಕಿ ಬಂದವಳು ಸೀದಾ ಹೋಗಿ ಆ ಶಾಲೆಯ ಹೆಣ್ಣುಮಕ್ಕಳ ಕಕ್ಕಸಿನ ಬಾಗಿಲು ತೆಗೆದು ನೋಡಿ, ಮೂಗು ಮುಚ್ಚಿಕೊಂಡು ಬಂದಳು. "ಯಾರಿಗೆ ಹಾಕ್ದೆ?" ಎಂದು ಕೇಳಿದೆ.

"ಹೇಳಿದ್ರೆ ನೀವೂ ಬೈತೀರಿ, ತಮ್ಮನೂ ಬೈತಾನೆ. ಒಂದು ಮಾತ್ರ ಹೇಳ್ತೀನಿ. ನೋಡಿದ ಮೇಲೆ ಹಾಕ್ಬೇಕಿತ್ತು, ಹಾಕಿದ ಮೇಲೆ ನೋಡ್ದೆ."

ಮಾರನೆಯ ಬೆಳಿಗ್ಗೆ ನಾನು ಒಂದು ಡಬ್ಬ ಗೋಧಿ ತೆಗೆದುಕೊಂಡು ಹೋದೆ. ಬಹಳ ದಿನದ ಮೇಲೆ ಗಿರಣಿಗೆ ಹೋಗುವವನು, ಜಂಬಕ್ಕೆ ಬೇಗ ಹೊರಟಿದ್ದೆ. ಅಷ್ಟರಲ್ಲಾಗಲೇ ಆಯಾ ಬಾಗಿಲಲ್ಲಿದ್ದಳು. ಪಕ್ಕದಲ್ಲಿ ಕಣ್ಣಿನ ಪಿಸುರು ಒರೆಸಿಕೊಳ್ಳುತ್ತ ತಮ್ಮ, ಕೈಯಲ್ಲಿ ಡಬ್ಬ. ಬೀರುವಿನ ಬೀಗ ಹೇಗೆ ತೆರೆಯಿತೋ ನನಗೆ ಗೊತ್ತಿಲ್ಲ.

"ಇವತ್ತು ನಿಂದು" ಎಂದಳು ಆಯಾ.

"ನಿನ್ನೆ ರಜೆ. ರಜೆಯ ಹಿಂದಿನ ದಿನ ನಾನು ಹಾಕಿದ್ದೆ. ಇವತ್ತು ನಿಮ್ದು."

"ರಜೆ ಲೆಕ್ಕಕ್ಕೆ ಬರುತ್ತೆ. ನಿನ್ನೆ ನನ್ನ ದಿನ, ಗಿರಣಿ ಇರ್ಲಿಲ್ಲ, ನಾನೇನ್ ಮಾಡ್ಲಿ? ಬೇಕಾದ್ರೆ ಜಿಂದಾಬಾದಣ್ಣನ್ನ ಕೇಳು."

ನಾನು ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಡಬ್ಬವನ್ನು ಅವರಿಬ್ಬರ ಹಿಂದೆ ಇಟ್ಟೆ.

ಒಳಗೆ ಮೋಟಾರು ಆಗಲೇ ಶುರುವಾಗಿತ್ತು. ಬೆಲ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು. ಅಕ್ಕ ಬಟ್ಟೆಯ ತೋಳನ್ನು ಕೊಡವಿ ಕಟ್ಟುತ್ತ, ಇತ್ತ ತಿರುಗದೆಯೇ ಕೂಗಿದಳು.

"ಯಾರಾದ್ರೂ ಸುರೀರೋ, ಕಲ್ಲು ಕಲ್ಲನ್ನೇ ತಿಂತಿದೆ."